ಚಂದ್ರಕ್ಕನ ಮುಚ್ಚಳ

ನಮ್ಮ ಲಾಂಪ್ಸಕಸ್ ಊರಿನಲ್ಲಿ ದ್ರಾಕ್ಷಿಗೆ ಬಣ್ಣ ಬರುವ ತಿಂಗಳು ಪೂರ್ತಿ ಮಕ್ಕಳಿಗೆ ಶಾಲೆ ಇರುವುದಿಲ್ಲ. ಅದು ಯಾವ ದೇವರ ಹಬ್ಬವೂ ಅಲ್ಲ. ಅನಕ್ಸಾಗೊರಸ್ ಎಂಬ ವಿದ್ವಾಂಸರು ತೀರಿಕೊಂಡ ತಿಂಗಳು ಅದು. ಅಥೆನ್ಸಿನವರು ಅವರ ಮೇಲೆ ದೈವನಿಂದೆಯ ಮೊಕದ್ದಮೆ ಹೂಡಿ ಊರು ಬಿಡಿಸಿದಾಗ ನಮ್ಮ ಹಿರಿಯರು ಕರೆದು ಜಾಗ ಕೊಟ್ಟರಂತೆ. ಕೊನೆಗಾಲದಲ್ಲಿ ಊರಿನ ಮುಖಂಡರು ಹಾಸಿಗೆಯ ಬಳಿ ನಿಂತು, ನಿಮ್ಮ ನೆನಪಿಗೆ ಏನು ಮಾಡೋಣ ಎಂದು ಕೇಳಿದರೆ, ನಾನು ಸತ್ತ ತಿಂಗಳು ಮಕ್ಕಳನ್ನು ಆಡಲು ಬಿಡಿ, ಅಷ್ಟು ಸಾಕು ಎಂದರಂತೆ.

ನಾನು ಅವರನ್ನು ಕಂಡವಳಲ್ಲ. ನನ್ನ ಅಜ್ಜಿ ಕಂಡಿದ್ದಳು. ಸೂರ್ಯ ದೇವರಲ್ಲ, ಕಾದು ಕೆಂಡವಾದ ಕಲ್ಲು, ಇಡೀ ಪೆಲೊಪೊನ್ನೀಸ್ ನಾಡಿಗಿಂತ ದೊಡ್ಡದು ಎಂದು ಹೇಳುತ್ತಿದ್ದರಂತೆ. ಚಂದ್ರನಲ್ಲಿರುವುದೂ ಮಣ್ಣೇ, ಅಲ್ಲಿಯೂ ಬೆಟ್ಟ ಕಣಿವೆಗಳಿವೆ, ಅಲ್ಲಿಂದ ಬರುವ ಬೆಳಕು ಸೂರ್ಯನದು ಎಂದೂ ಹೇಳುತ್ತಿದ್ದರಂತೆ. ನಮ್ಮೂರ ಮುಂದಿನ ಜಲಸಂಧಿಯ ಆಚೆ ದಡದಲ್ಲಿ ಹಾಡುಹಗಲಲ್ಲೇ ಆಕಾಶದಿಂದ ಒಂದು ಕಲ್ಲು ಬಿದ್ದಿದೆ. ಗಾಡಿಯ ಹೊರೆಯಷ್ಟು ದೊಡ್ಡದು, ಸುಟ್ಟ ರೊಟ್ಟಿಯ ಬಣ್ಣ. "ಮೇಲೆ ಕಲ್ಲಿಲ್ಲದಿದ್ದರೆ ಅದು ಎಲ್ಲಿಂದ ಬಿತ್ತು ಹೇಳು?" ಎಂದು ಅಜ್ಜಿ ಕೇಳುತ್ತಿದ್ದಳು. ಕೇಳಿ, ತಕ್ಷಣ ಎದೆ ಮುಟ್ಟಿಕೊಂಡು ದೇವರ ಕ್ಷಮೆಯನ್ನೂ ಬೇಡುತ್ತಿದ್ದಳು.

ಬಂದರಿನ ಮೇಲಿನ ದಿಬ್ಬದಲ್ಲಿ, ಅಂಜೂರದ ಮರದ ಪಕ್ಕ, ಅವರ ಹೆಸರಿನ ಬಲಿಪೀಠವಿದೆ. ಒಂದು ಬದಿಗೆ 'ಬುದ್ಧಿ' ಎಂದೂ ಇನ್ನೊಂದು ಬದಿಗೆ 'ಸತ್ಯ' ಎಂದೂ ಕೆತ್ತಿದೆ. ನಾನು ಅಕ್ಷರ ಕಲಿತದ್ದು ತಲೆ ನರೆತ ಮೇಲೆ. ಅಲ್ಲಿಯವರೆಗೂ ಅವು ಯಾರೋ ಇಬ್ಬರು ಸಣ್ಣ ದೇವತೆಗಳ ಹೆಸರು ಎಂದೇ ತಿಳಿದಿದ್ದೆ. ನಾನೊಬ್ಬಳೇ ಅಲ್ಲ. ಹಲ್ಲುನೋವು ಬಂದವರು ಇಂದಿಗೂ ಆ ಪೀಠಕ್ಕೆ ಜೇನು ಸವರಿ ಹೋಗುತ್ತಾರೆ. ಸೂರ್ಯನನ್ನೇ ದೇವರಲ್ಲ ಎಂದವರನ್ನು ನಾವು ಹಲ್ಲುನೋವಿನ ದೇವರು ಮಾಡಿಕೊಂಡಿದ್ದೇವೆ.

ರಜೆಯ ತಿಂಗಳಲ್ಲಿ ಮಕ್ಕಳು ಆಡುವ ಆಟಗಳೆಲ್ಲ ಅವರ ಪಾಠಗಳಿಂದ ಹುಟ್ಟಿದವು. ದ್ರಾಕ್ಷಾರಸದ ಖಾಲಿ ಚರ್ಮದ ಚೀಲಕ್ಕೆ ಗಾಳಿ ಊದಿ, ಬಾಯಿ ಕಟ್ಟಿ, ಅದರ ಮೇಲೆ ಕುಳಿತು ಕುಣಿಯುತ್ತಾರೆ. ಗಾಳಿ ಎಂದರೆ ಏನೂ ಇಲ್ಲ ಎಂದಲ್ಲ, ಅದೂ ಒಂದು ವಸ್ತು ಎಂದು ತೋರಿಸಲು ಅವರು ಹೀಗೆ ಮಾಡುತ್ತಿದ್ದರಂತೆ. ಮಕ್ಕಳಿಗೆ ಅದೆಲ್ಲ ಬೇಕಿಲ್ಲ, ಚೀಲದಿಂದ ಜಾರಿ ಬೀಳುವುದೇ ಖುಷಿ.

ತಿಂಗಳ ಕೊನೆಯ ದಿನ, ಅಂದರೆ ಅಮಾವಾಸ್ಯೆಯ ದಿನ, ಚಂದ್ರಕ್ಕನ ಆಟ. ತಿಕ್ಕಿ ಬೆಳಗಿದ ಕಂಚಿನ ಪಾತ್ರೆಯನ್ನು ಎತ್ತಿ ಹಿಡಿದು ಒಂದು ಮಗು ಬಲಿಪೀಠದ ಮೆಟ್ಟಿಲ ಮೇಲೆ ನಿಲ್ಲುತ್ತದೆ. ಅದು ಸೂರ್ಯ. ಉಳಿದ ಮಕ್ಕಳು ಕೆಳಗೆ ಸಾಲಾಗಿ ಕೂರುತ್ತಾರೆ. ಅದು ಭೂಮಿ. ದ್ರಾಕ್ಷಾರಸದ ಗುಡಾಣದ ಮಣ್ಣಿನ ಮುಚ್ಚಳಕ್ಕೆ ಮಸಿ ಬಳಿದು, ಅದನ್ನು ಮುಖದ ಮುಂದೆ ಹಿಡಿದು ಇನ್ನೊಂದು ಮಗು ಇಬ್ಬರ ನಡುವೆ ನಿಧಾನವಾಗಿ ಹಾದುಹೋಗುತ್ತದೆ. ಅದೇ ಚಂದ್ರಕ್ಕ, ನಮ್ಮಲ್ಲಿ ಚಂದ್ರ ಹೆಣ್ಣುದೇವತೆ. ಸಾಲಿನಲ್ಲಿ ಕುಳಿತ ಯಾರಿಗೆ ಪಾತ್ರೆ ಪೂರ್ತಿ ಮರೆಯಾಗುತ್ತದೋ ಆ ಮಗು, "ನನ್ನ ಸೂರ್ಯ ಹೋಯ್ತು!" ಎಂದು ಕೂಗಬೇಕು. ಆಗ ಎಲ್ಲರೂ ಸೇರಿ,

"ಚಂದ್ರಕ್ಕ ಚಂದ್ರಕ್ಕ ಪಕ್ಕಕ್ಕೆ ಸರಿ,
ನಿನ್ನದೇನು ಬೆಳಕು? ಎರವಲು ಉರಿ!"

ಎಂದು ಹಾಡಿ ಚಂದ್ರಕ್ಕನ ಮೇಲೆ ದ್ರಾಕ್ಷಿ ಸಿಪ್ಪೆ ಎಸೆಯುತ್ತಾರೆ. ಹಾಗಾಗಿ ಚಂದ್ರಕ್ಕ ಆಗಲು ಯಾವ ಮಗುವಿಗೂ ಇಷ್ಟವಿಲ್ಲ. ಈ ಊರಿನಲ್ಲಿ ಹುಟ್ಟಿದವರೆಲ್ಲ ಒಮ್ಮೆಯಾದರೂ ಸಿಪ್ಪೆ ಎಸೆದವರೇ, ಇಲ್ಲವೇ ಎಸೆಸಿಕೊಂಡವರೇ.

ನನ್ನ ಸೊಸೆ ನಿಕಾಸೋ ಈ ಊರಿನವಳಲ್ಲ. ಥೆಸ್ಸಲಿಯವಳು. ನನ್ನ ಮಗ ಹಡಗಿನಲ್ಲಿ ಹೋದವನು ಕುದುರೆಗಳ ನಾಡಿನಿಂದ ಅವಳನ್ನು ಮದುವೆಯಾಗಿ ತಂದ. ಅಗಲ ಭುಜ, ದೊಡ್ಡ ನಗು. ಅವಳ ಮಾತಿನ ಧಾಟಿ ಕೇಳಿದರೆ ನಮ್ಮ ಬೀದಿಯ ಹೆಂಗಸರಿಗೆ ನಗು ಬರುತ್ತಿತ್ತು. ಅವಳೂ ಅವರೊಡನೆ ನಗುತ್ತಿದ್ದಳು. ಥೆಸ್ಸಲಿಯ ಹೆಂಗಸರು ಮಂತ್ರ ಹಾಕಿ ಚಂದ್ರನನ್ನು ಕೆಳಗೆ ಎಳೆಯುತ್ತಾರೆ ಎಂಬ ಮಾತು ಗ್ರೀಕರು ಇರುವ ಕಡೆಯೆಲ್ಲ ಇದೆ. "ಏನೇ ನಿಕಾಸೋ, ನಿನ್ನೆ ಚಂದ್ರ ಸಣ್ಣಗಾಗಿತ್ತು, ನೀನೇ ಕಚ್ಚಿಕೊಂಡು ತಿಂದ್ಯೇನೇ?" ಎಂದು ಬಾವಿಯ ಬಳಿ ಯಾರಾದರೂ ರೇಗಿಸಿದರೆ, "ಉಪ್ಪು ಕಮ್ಮಿ ಆಗಿತ್ರೀ, ಅದಕ್ಕ ಅರ್ಧಾ ಬಿಟ್ಟೆ," ಎನ್ನುತ್ತಿದ್ದಳು.

ಅವಳಿಗೆ ಹೆಣ್ಣುಕೂಸು ಮಿಕ್ಕಾ ಹುಟ್ಟಿದ ವರ್ಷ ಆಟದ ಮುಚ್ಚಳ ಕೊಟ್ಟವನು ಲೈಕೋನ್. ನಮ್ಮೂರಿನ ದೊಡ್ಡ ದ್ರಾಕ್ಷಿತೋಟದವನು, ನನ್ನ ವಾರಿಗೆಯವನು. ಹಳೆಯ ಮುಚ್ಚಳ ಒಡೆದಿತ್ತೆಂದು ತನ್ನ ದೊಡ್ಡ ಗುಡಾಣದ ಮುಚ್ಚಳವನ್ನೇ ಕಳಿಸಿದ್ದ. ಚಂದ್ರಕ್ಕನಾಗಬೇಕಿದ್ದ ಹುಡುಗಿಗೆ ಅದನ್ನು ಮೊಣಕಾಲಿನ ಮೇಲೂ ಎತ್ತಲಾಗಲಿಲ್ಲ. ಎತ್ತಿ, ಕೆಡವಿ, ಕೊನೆಗೆ ಅಳಲು ಶುರುಮಾಡಿದಳು. ಮಕ್ಕಳೆಲ್ಲ ಬಿಸಿಲಲ್ಲಿ ಕಾಯುತ್ತಿದ್ದರು. ನಿಕಾಸೋ ಸೊಂಟದ ಮೇಲಿದ್ದ ಕೂಸನ್ನು ನನ್ನ ಕೈಗಿಟ್ಟಳು.

"ಅತ್ತಿ, ಮಿಕ್ಕಾನ್ನ ಸ್ವಲ್ಪ ಹಿಡೀರಿ. ನಾನೇ ಚಂದ್ರಕ್ಕ ಆಗ್ತೀನಿ."

"ಸಿಪ್ಪೆ ಎಸೀತಾರೆ ಕಣೇ."

"ಎಸೀಲಿ ತಗೋರಿ. ಹೆಂಗೂ ಬಟ್ಟಿ ಒಗೀಬೇಕು."

ಮುಚ್ಚಳವನ್ನು ಒಂದೇ ಏಟಿಗೆ ಎತ್ತಿ ಮುಖದ ಮುಂದೆ ಹಿಡಿದು ನಡೆದಳು. ಮಕ್ಕಳು ಹೋ ಎಂದರು. ಅವಳು ಬೇಕೆಂದೇ ಕುಂಟುತ್ತ, ಬಳುಕುತ್ತ ನಡೆಯುತ್ತಿದ್ದರೆ ನಾನೂ ನಗುತ್ತಿದ್ದೆ. ಆಮೇಲೆ ಬಿಸಿಲಿನ ಬಣ್ಣ ಏಕೋ ಸರಿಯಿಲ್ಲ ಅನ್ನಿಸಿತು. ಮೋಡವಿರಲಿಲ್ಲ. ಆದರೂ ನೆಲದ ಮೇಲಿನ ಬೆಳಕು ತೆಳುವಾಗಿತ್ತು, ಹಾಲಿಗೆ ನೀರು ಬೆರೆಸಿದ ಹಾಗೆ. ಅಂಜೂರದ ಎಲೆಗಳ ಸಂದಿನಿಂದ ಬೀಳುವ ಗುಂಡು ಗುಂಡು ಬೆಳಕಿನ ಚುಕ್ಕೆಗಳು ಕುಡುಗೋಲಿನ ಹಾಗೆ ಬಾಗಿದ್ದವು. ಬಂದರಿನ ಕಡೆ ನಾಯಿ ಊಳಿಟ್ಟಿತು. ತಣ್ಣನೆಯ ಗಾಳಿ ಬೀಸಿತು.

"ನನ್ನ ಸೂರ್ಯ ಹೋಯ್ತು!" ಎಂದು ಸಾಲಿನ ನಡುವಿನ ಮಗು ಕೂಗಿತು. ಆಟದ ಕೂಗೋ ನಿಜದ್ದೋ, ಇಂದಿಗೂ ನನಗೆ ಗೊತ್ತಿಲ್ಲ. ಯಾರೋ ಮೇಲೆ ನೋಡಿದರು. ಎಲ್ಲರೂ ನೋಡಿದರು. ಸೂರ್ಯನ ಜಾಗದಲ್ಲಿ ಉಗುರಿನಷ್ಟು ಬೆಳಕು ಉಳಿದಿತ್ತು, ನೋಡನೋಡುತ್ತಿದ್ದಂತೆ ಅದೂ ಸಣ್ಣದಾಯಿತು.

ನಿಕಾಸೋಗೆ ಇದಾವುದೂ ಕಾಣುತ್ತಿರಲಿಲ್ಲ. ಅವಳ ಮುಖದ ತುಂಬ ಮುಚ್ಚಳ. ಅವಳಿನ್ನೂ ಕುಂಟುತ್ತ, ಬಳುಕುತ್ತ, ನಗುತ್ತಲೇ ಇದ್ದಳು.

"ಇಳಿಸೇ! ಅಯ್ಯೋ, ಇಳಿಸೇ ಅದನ್ನ!" ಲೈಕೋನ್ ಕಿರುಚಿದ.

ಅವಳು ಬೆಚ್ಚಿ ಕೈಬಿಟ್ಟಳು. ಮುಚ್ಚಳ ಕಲ್ಲಿಗೆ ಬಡಿದು ಹೋಳಾಯಿತು. ಅಷ್ಟರಲ್ಲಿ ಮೇಲೆ ಉಳಿದಿದ್ದ ಉಗುರೂ ಆರಿ ಕತ್ತಲಾಗಿತ್ತು. ಸ್ವಲ್ಪ ಹೊತ್ತಿಗೆ ಸೂರ್ಯನ ಇನ್ನೊಂದು ಅಂಚಿನಲ್ಲಿ ಬೆಳಕು ಮೂಡಿತು. ಆಮೇಲೆ ನಿಧಾನವಾಗಿ ಪೂರ್ತಿ ಬಂತು.

ಅವಳು ಎತ್ತಿದಳು, ಸೂರ್ಯ ಹೋದ. ಇಳಿಸಿದಳು, ಬಂದ. ಅಲ್ಲಿದ್ದವರೆಲ್ಲ ಕಣ್ಣಾರೆ ಕಂಡದ್ದು ಇಷ್ಟು. ಯಾರು ಸುಳ್ಳು ಹೇಳಿದರೆಂದು ನಾನು ದೂರಲಿ? ಕಂಡದ್ದನ್ನೇ ಅವರು ಹೇಳಿದರು.

ಮಾರನೆಯ ದಿನ ಊರಿನ ಸಭೆ ಸೇರಿತು. ಲೈಕೋನ್ ಕೆಟ್ಟವನಲ್ಲ, ಅವನಿಗೆ ನಿಜವಾಗಿ ಹೆದರಿಕೆಯಾಗಿತ್ತು. "ಕಾಯಿಗೆ ಇನ್ನೂ ಸಿಹಿ ಇಳಿದಿಲ್ಲ. ಬಿಸಿಲು ಬೇಕು ಕಣ್ರಯ್ಯಾ. ಇವಳು ನಾಳೆ ಮತ್ತೆ ಏನಾದ್ರೂ ಎತ್ತಿ ಹಿಡಿದ್ರೆ? ಊರೆಲ್ಲ ಹುಳಿ ನೀರು ಕುಡೀಬೇಕಾ?" ಎಂದ. ಸಭೆ ಒಪ್ಪಿತು. ನಿಕಾಸೋ ಊರು ಬಿಡಬೇಕು. ಕೂಸು ತಂದೆಯ ಮನೆಯದು, ಅದು ಇಲ್ಲೇ ಉಳಿಯಬೇಕು. ಮೈಲಿಗೆಯಾದವರನ್ನು ನಮ್ಮೂರಿನ ಹಡಗು ಹತ್ತಿಸುವುದಿಲ್ಲ, ಹತ್ತಿಸಿದರೆ ಹಡಗು ಮುಳುಗುತ್ತದೆ ಎಂಬ ನಂಬಿಕೆ. ಹಾಗಾಗಿ ದೂರದ ನಾಡಿನ ಹಡಗೊಂದು ಬರುವವರೆಗೆ ಅವಳು ಮನೆಯ ಹೊಸ್ತಿಲು ದಾಟಬಾರದು.

ನನ್ನ ಮಗ ಕಪ್ಪುಸಮುದ್ರದ ಕಡೆ ಹೋಗಿದ್ದ. ಅವನು ಬರುವುದು ಚಳಿ ಶುರುವಾಗುವ ಹೊತ್ತಿಗೆ. ಮನೆಯಲ್ಲಿ ನಾವು ಮೂವರೇ.

"ಅತ್ತಿ, ನಾ ಏನ್ ಮಾಡೇನ್ರೀ?" ಅವಳು ಮೊದಲ ದಿನ ಕೇಳಿದಳು. ಆಮೇಲೆ ಕೇಳಲಿಲ್ಲ. ಗೋಡೆಗೆ ಒರಗಿ ಮಿಕ್ಕಾಗೆ ಹಾಲೂಡಿಸುತ್ತ ಕೂರುತ್ತಿದ್ದಳು. ಒಂದು ಸಂಜೆ ಮಾತ್ರ, ಕೂಸಿನ ಅಂಗಾಲು ಸವರುತ್ತ, "ಇಕಿಗೆ ಇನ್ನೂ ಹಲ್ಲು ಬಂದಿಲ್ಲ. ಮೊದಲನೇ ಹಲ್ಲು ನಾ ನೋಡಂಗಿಲ್ಲೇನು?" ಎಂದಳು.

ಅಂದು ಆಗಿದ್ದೇನೆಂದು ತಿಳಿದವನು ಊರಿನಲ್ಲಿ ಒಬ್ಬನೇ, ಮೇಷ್ಟ್ರು ಪರ್ಮೆನೋನ್. ಅನಕ್ಸಾಗೊರಸರ ಶಿಷ್ಯರಿಗೆ ಶಿಷ್ಯ. ನನ್ನಂಥ ಮುದುಕಿಗೂ ಬೇಸರಪಡದೆ ಅಕ್ಷರ ಕಲಿಸಿದವನು. ಸಭೆಯಲ್ಲಿ ಅವನು ತಲೆ ತಗ್ಗಿಸಿ ಕೂತಿದ್ದ, ಒಂದು ಮಾತೂ ಆಡಲಿಲ್ಲ. ನಾನು ಕೂಸನ್ನು ಎತ್ತಿಕೊಂಡು, ನೂಲುವ ಕದಿರು ಹಿಡಿದು ಅವನ ಶಾಲೆಯ ಮೆಟ್ಟಿಲಿಗೆ ಹೋದೆ.

"ಮೇಷ್ಟ್ರೇ, ಅವತ್ತು ಆಗಿದ್ದೇನು?"

"ನಿಮಗೆ ಗೊತ್ತಲ್ಲ ಅಮ್ಮಾ. ಆಟದಲ್ಲಿ ಆಗೋದೇ ಮೇಲೂ ಆಯ್ತು. ಚಂದ್ರ ಅಡ್ಡ ಬಂತು."

"ಅದನ್ನ ಸಭೇಲಿ ಹೇಳೋದಿತ್ತು."

ಅವನು ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಒಳಗೆ ಹೋದ. "ಸೂರ್ಯ ಕಲ್ಲು ಅಂದಿದ್ದಕ್ಕೆ ಅಥೆನ್ಸಿನವರು ಆ ಮಹಾನುಭಾವರಿಗೇ ಏನು ಮಾಡಿದ್ರು ಗೊತ್ತಲ್ಲ. ನಾನು ಯಾವ ಲೆಕ್ಕ? ಸತ್ತವರಿಗೆ ಪೀಠ ಕಟ್ಟಿದ ಊರೇ ಬದುಕಿರೋನ ಬಾಯಿ ಮುಚ್ಚಿಸುತ್ತೆ. ನಾಳೆ ಒಂದು ಮಗೂನೂ ನನ್ನ ಶಾಲೆಗೆ ಬರಲ್ಲ."

"ಸರಿ," ಎಂದು ಅಲ್ಲೇ ಕುಳಿತು ನೂಲತೊಡಗಿದೆ.

"ಇಲ್ಲಿ ಯಾಕೆ ಕೂರ್ತೀರಮ್ಮಾ?"

"ನೆರಳಿದೆ."

ಮರುದಿನವೂ ಹೋದೆ. ಅದರ ಮರುದಿನವೂ. ಬೈಯಲಿಲ್ಲ, ಬೇಡಲಿಲ್ಲ. ಮಿಕ್ಕಾ ಅವನ ಹೊಸ್ತಿಲ ಮೇಲೆ ಅಂಬೆಗಾಲಿಡುತ್ತ ಅವನ ಮಣ್ಣಿನ ಹಣತೆಗಳನ್ನು ಉರುಳಿಸಿದಳು, ಅವನ ಚಪ್ಪಲಿಯ ಬಾರು ಚೀಪಿದಳು. ಅವನು ಮೊದಮೊದಲು ಅವಳನ್ನು ನೋಡದ ಹಾಗೆ ಓಡಾಡುತ್ತಿದ್ದ. ಆಮೇಲೆ ಒಂದು ದಿನ ಬಾರು ಬಿಡಿಸಲು ಬಗ್ಗಿದವನು ಅವಳ ಬಾಯೊಳಗೆ ಬೆರಳಿಟ್ಟು, "ಅಮ್ಮಾ, ಇಲ್ಲಿ ಏನೋ ಚುಚ್ಚುತ್ತೆ. ಹಲ್ಲು ಬರ್ತಿದೆ," ಎಂದ. ಅವಳ ತಾಯಿ ಅದೇ ಹಲ್ಲಿಗಾಗಿ ಕಾದಿರುವುದನ್ನು ನಾನು ಅವನಿಗೆ ಹೇಳಿರಲಿಲ್ಲ. ಆಗ ಹೇಳಿದೆ. ಅವನ ಮುಖ ನೋಡಲಾಗಲಿಲ್ಲ.

ಅಷ್ಟರಲ್ಲಿ ದ್ರಾಕ್ಷಿ ಕೊಯ್ಲು ಬಂತು. ಬಿಸಿಲು ಚೆನ್ನಾಗಿಯೇ ಇತ್ತು. ಹಣ್ಣು ಹಿಂದೆಂದೂ ಇಲ್ಲದಷ್ಟು ಸಿಹಿಯಾಗಿತ್ತು.

"ನೋಡಿದ್ಯಾ ಕ್ಲೆನೋ?" ಲೈಕೋನ್ ಬೀದಿಯಲ್ಲಿ ನನ್ನನ್ನು ತಡೆದು ಹೇಳಿದ. "ಅವಳನ್ನ ಒಳಗೆ ಕೂರಿಸಿದ್ದಕ್ಕೇ ಇಷ್ಟು ಸಿಹಿ."

"ಹುಳಿಯಾಗಿದ್ರೆ?"

"ಅವಳಿಂದಲೇ ಹುಳಿಯಾಯ್ತು ಅಂತಿದ್ದೆ, ಇನ್ನೇನು."

ಹೇಳಿದವನಿಗೇ ಒಂದು ಕ್ಷಣ ಏನೋ ಅನ್ನಿಸಿರಬೇಕು. ಗಡ್ಡ ಕೆರೆದುಕೊಂಡು ಹೊರಟುಹೋದ.

ಹೊಸ ರಸವನ್ನು ಗುಡಾಣಗಳಿಗೆ ತುಂಬುವ ಹೊತ್ತಿಗೆ ಹಳೆಯ ದ್ರಾಕ್ಷಾರಸ ಒಯ್ಯಲು ಈಜಿಪ್ಟಿನ ನೌಕ್ರಟಿಸ್ ಬಂದರಿನಿಂದ ಒಂದು ಹಡಗು ಬಂತು. ಅದರ ಒಡೆಯ ದೋರಿಯೋನ್, ಬಿಸಿಲಿಗೆ ಕರಕಾದ, ಮೂಗಿನಲ್ಲಿ ಮಾತಾಡುವ ಗ್ರೀಕ. ಸಭೆಯವರು ನಿಕಾಸೋಳನ್ನು ಬಂದರಿಗೆ ಕರೆಸಿದರು. ಅವಳು ಕೂಸನ್ನು ಎದೆಗೆ ಕಟ್ಟಿಕೊಂಡೇ ಬಂದಳು. ಬಿಚ್ಚು ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೆಲಸ ಬಿಟ್ಟು ಅರ್ಧ ಊರು ನೆರೆದಿತ್ತು.

"ಇವಳನ್ನ ನಿಮ್ಮ ನಾಡಿಗೆ ಕರ್ಕೊಂಡು ಹೋಗಿ ಬಿಟ್ಟುಬಿಡಯ್ಯಾ," ಎಂದ ಲೈಕೋನ್.

"ಯಾಕೆ, ಏನು ಕದ್ದಳು?"

"ಸೂರ್ಯನ್ನ."

ದೋರಿಯೋನ್ ಅವಳ ಸೊಂಟದ ಕಡೆ, ಕೈಗಳ ಕಡೆ ನೋಡಿದ. "ಎಲ್ಲಿಟ್ಟಿದ್ದಾಳೆ?"

ಹಿಂದಿನಿಂದ ಯಾರೋ ಕಿಸಕ್ಕೆಂದರು. ಲೈಕೋನ್ ಕೆಂಪಾಗಿ ನಡೆದದ್ದನ್ನೆಲ್ಲ ಹೇಳಿದ. ಅಮಾವಾಸ್ಯೆಯ ದಿನ, ಊಟದ ಹೊತ್ತು ಕಳೆದಿತ್ತು, ಇವಳು ಮುಚ್ಚಳ ಎತ್ತಿದಳು, ಹಗಲೇ ಕತ್ತಲಾಯಿತು.

"ಓ, ಅದಾ!" ಎಂದ ದೋರಿಯೋನ್. "ನಮ್ಮಲ್ಲೂ ಆಯ್ತಲ್ಲ. ಅವತ್ತು ಹಡಗಿಗೆ ಸರಕು ಏರಿಸ್ತಿದ್ವಿ. ಈಜಿಪ್ಟಿನೋರು ಪಾತ್ರೆ ಬಡಿಯೋಕೆ ಶುರು ಮಾಡಿದ್ರು. ಆದ್ರೆ ಕತ್ತಲೇನೂ ಆಗ್ಲಿಲ್ಲ, ಸ್ವಲ್ಪ ಮಂಕಾಯ್ತು ಅಷ್ಟೆ. ಸೂರ್ಯ ಕರಬೂಜದ ಹೋಳಿನ ಹಾಗೆ ಉಳಿದಿದ್ದ."

"ಪೂರ್ತಿ ಹೋಗ್ಲಿಲ್ವಾ?"

"ಇಲ್ಲ ಮಾರಾಯ. ಹೋಳು ಉಳಿದಿತ್ತು ಅಂದ್ನಲ್ಲ."

ಗುಂಪು ಗುಜುಗುಜು ಎಂದಿತು. ನನ್ನ ಪಕ್ಕ ಪರ್ಮೆನೋನ್ ನಿಂತಿದ್ದ. ಯಾವಾಗ ಬಂದನೋ ತಿಳಿಯದು. ನಾನು ಅವನತ್ತ ತಿರುಗಲಿಲ್ಲ. ಮಿಕ್ಕಾಳನ್ನು ನೋಡುತ್ತಿದ್ದೆ. ಅವಳು ತಾಯಿಯ ಸೆರಗು ಕಚ್ಚಿ ಎಳೆಯುತ್ತಿದ್ದಳು, ಹೊಸ ಹಲ್ಲಿನಿಂದ.

"ಒಡೆಯರೇ," ಎಂದ ಪರ್ಮೆನೋನ್. ಗುಂಪಿನಿಂದ ಮುಂದೆ ಬಂದು ಹೇಳಿದ, "ನಿಮ್ಮ ಅಡುಗೆಯವನ ಕಂಚಿನ ಪಾತ್ರೆ ಕೊಡಿ. ಲೈಕೋನ್, ನಿನ್ನ ಗುಡಾಣದ್ದು ಒಂದು ಮುಚ್ಚಳ ತರಿಸು."

"ಯಾಕೆ?"

"ಆಟ ಆಡೋಣ."

"ಹುಚ್ಚೇನಯ್ಯಾ ನಿಂಗೆ? ಮತ್ತೆ ಅದನ್ನ ಎತ್ತಿಸ್ತೀಯಾ?"

"ನಾನು ಎತ್ತಿಸ್ತೀನಿ ಅಂದ್ನಾ? ನಾನೇ ಹಿಡೀತೀನಿ."

ಆಗ ನಿಕಾಸೋ ಬಾಯಿಬಿಟ್ಟಳು. "ಇಲ್ರೀ ಮಾಸ್ತರ. ನೀವು ಹಿಡಿದ್ರ, 'ಆಕಿ ಹಿಡಿದಿದ್ರ ಸೂರ್ಯಾ ಮತ್ತ ಹೋಗ್ತಿತ್ತು' ಅಂತಾರ. ನಾನೇ ಹಿಡೀತೀನಿ. ಎಲ್ಲಾರೂ ಮ್ಯಾಲೆ ನೋಡ್ಕೊಂಡು ನಿಂದರ್ರಿ."

ಕೂಸನ್ನು ಬಿಚ್ಚಿ ನನ್ನ ಕೈಗಿಟ್ಟಳು, ಅಂದಿನ ಹಾಗೆಯೇ. ಮುಚ್ಚಳ ಬಂತು. ಅವಳು ಅದನ್ನು ಮುಟ್ಟಿದ ಕೂಡಲೇ ಜನ ಹಿಂದೆ ಹಿಂದೆ ಸರಿದರು. ಒಬ್ಬ ಮುದುಕ ಗುಡಾಣಗಳ ಮರೆಗೆ ಹೋಗಿ ಕುಳಿತ. ಅವಳು ಎತ್ತಿದಳು. ಎಲ್ಲರ ಕತ್ತೂ ಮೇಲಾಯಿತು.

ಸೂರ್ಯ ಇದ್ದಲ್ಲೇ ಇದ್ದ. ಕಣ್ಣಿಗೆ ನೀರು ಬರಿಸಿದ.

"ಎಷ್ಟೊತ್ತು ಹಿಡೀಲ್ರೀ?" ಎಂದಳು ಮುಚ್ಚಳದ ಹಿಂದಿನಿಂದ. "ತೋಳು ನೋಯಾಕ ಹತ್ಯಾವ."

"ಇದರಿಂದ ಏನೂ ತೀರ್ಮಾನ ಆಗಲ್ಲ," ಎಂದ ಲೈಕೋನ್, ಆದರೆ ದನಿ ಕುಗ್ಗಿತ್ತು. "ಇವತ್ತು ಅವಳಿಗೆ ಮನಸ್ಸಿಲ್ಲ, ಅದಕ್ಕೇ ಆಗ್ಲಿಲ್ಲ."

"ಆಯ್ತು. ಬಾ, ನೀನು ಇಲ್ಲಿ ಕೂತ್ಕೋ," ಎಂದು ಪರ್ಮೆನೋನ್ ಅವನ ತೋಳು ಹಿಡಿದು ನೆಲದ ಮೇಲೆ ಕೂರಿಸಿದ. ಮಗುವಿನ ಹಾಗೆ ಕೂತ. ಹಡಗಿನ ಏಣಿಯ ಮೇಲೆ ಅಡುಗೆಯವನು ಪಾತ್ರೆ ಎತ್ತಿ ಹಿಡಿದು ನಿಂತ. ನಿಕಾಸೋ ನಡುವೆ ನಿಂತಳು.

"ಇದು ನಮ್ಮೂರು. ಸೂರ್ಯ ಕಾಣ್ತಾನಾ?"

"ಇಲ್ಲ."

"ಒಡೆಯರೇ, ನೀವು ಅಲ್ಲಿ, ಆ ಹಗ್ಗದ ಸುರುಳಿ ಹತ್ತಿರ ಕೂತ್ಕೊಳ್ಳಿ. ಅದು ಈಜಿಪ್ಟು. ನಿಮಗೆ?"

ದೋರಿಯೋನ್ ಕುಳಿತು, ಕತ್ತು ನೆಟ್ಟಗೆ ಮಾಡಿ ನೋಡಿದ. ಅವನ ಮುಖದ ಮೇಲಿನ ತಮಾಷೆ ನಿಧಾನವಾಗಿ ಆರಿತು. "ಹೋಳು," ಎಂದ ಮೆಲ್ಲಗೆ. "ಜೀಯುಸ್ ಆಣೆಗೂ ಇದೇ ಹೋಳು. ಅವತ್ತು ನಾನು ಕಂಡಿದ್ದು ಇದೇ."

"ಜಾಗ ಬದಲಾಯಿಸಿ ಇಬ್ಬರೂ."

ಲೈಕೋನ್ ಎದ್ದು ಹೋಗಿ ಹಗ್ಗದ ಬಳಿ ಕುಳಿತ. ನೋಡಿದ. ತಲೆ ಅತ್ತ ವಾಲಿಸಿದ, ಇತ್ತ ವಾಲಿಸಿದ. ನಮಗೆಲ್ಲ ಅವನ ಬಾಯಿಯಿಂದ ಬರುವ ಮಾತೇ ಬೇಕಾಗಿತ್ತು, ಅವನೋ ಬಾಯಿಯನ್ನೇ ಬಿಡಲೊಲ್ಲ.

"ಹೇಳಯ್ಯಾ," ಎಂದರು ಯಾರೋ.

"ಕಾಣ್ತಿದೆ," ಎಂದ. "ಒಂದು ಹೋಳು." ಆಮೇಲೆ ಮಂಡಿ ಹಿಡಿದುಕೊಂಡು, "ಆದ್ರೆ ಚಂದ್ರಕ್ಕ ಯಾಕೆ ಅಡ್ಡ ಬಂದ್ಳು? ಚಂದ್ರ ಸುಮ್ನೆ ಬರ್ತಾಳಾ? ಯಾರೋ ಎಳೆದ್ರೆ ತಾನೇ?" ಎಂದ.

ನನಗೆ ಆಗ ನೆನಪಾಯಿತು. ನೆನಪಾದದ್ದನ್ನು ಹೇಳಿಯೇಬಿಟ್ಟೆ.

"ಲೈಕೋನಾ, ನಾವು ಸಣ್ಣವರಿದ್ದಾಗ ಒಂದು ವರ್ಷ ನೀನು ಚಂದ್ರಕ್ಕ ಆಗಿದ್ದೆ. ನಾನು ಸಾಲಿನ ನಡುವೆ ಕೂತಿದ್ದೆ. ನಿನ್ನ ಕಿವಿಗೆ ಬೀಳೋ ಹಾಗೆ ಸಿಪ್ಪೆ ಎಸೆದವಳು ನಾನೇ. ನೀನು ಮುಚ್ಚಳ ಬಿಸಾಕಿ ಅತ್ತೆ. ಏನಂತ ಅತ್ತೆ, ನೆನಪಿದ್ಯಾ?"

"ಇಲ್ಲ," ಎಂದ. ಇತ್ತು ಎಂದು ಅವನ ಕಿವಿ ಹೇಳುತ್ತಿತ್ತು, ಅಷ್ಟು ಕೆಂಪಾಗಿತ್ತು.

"'ನಾನೇನು ಮಾಡ್ದೆ? ನನ್ನ ಪಾಡಿಗೆ ನಾನು ನಡ್ಕೊಂಡು ಹೋಗ್ತಿದ್ದೆ' ಅಂತ ಅತ್ತೆ."

ಮುಚ್ಚಳ ಇನ್ನೂ ಮೇಲೆಯೇ ಇತ್ತು. ಅದನ್ನು ಹಿಡಿದ ತೋಳುಗಳು ನಡುಗುತ್ತಿದ್ದವು.

"ಇಳಿಸಮ್ಮಾ," ಎಂದ ಲೈಕೋನ್.

ಆಮೇಲೆ ಅವನೇ ಪರ್ಮೆನೋನ್ ಕಡೆ ತಿರುಗಿದ. "ಹಾಗಾದ್ರೆ ಪ್ರತಿ ಅಮಾವಾಸ್ಯೆಗೂ ಯಾಕೆ ಆಗಲ್ಲ? ಪ್ರತಿ ಸಲಾನೂ ಚಂದ್ರಕ್ಕ ಅದೇ ದಾರೀಲಿ ಹೋಗ್ತಾಳಲ್ಲ?"

"ಒಂದೊಂದು ಸಲ ಸೂರ್ಯನ ಮೇಲಿಂದ, ಒಂದೊಂದು ಸಲ ಕೆಳಗಿಂದ ಹಾದು ಹೋಗ್ತಾಳೆ ಅಂತ ನನ್ನ ಊಹೆ. ಸರಿಯಾಗಿ ಗೊತ್ತಿಲ್ಲ."

"ಗೊತ್ತಿಲ್ಲ ಅಂತೀಯ, ಮತ್ತೆ ನಂಬು ಅಂತೀಯ."

"ನಂಬು ಅನ್ನಲಿಲ್ಲ ಲೈಕೋನ್. ಕೂತ್ಕೊಂಡು ನೋಡು ಅಂದೆ."

ಆ ಮಾತನ್ನು ನಾನು ಎಷ್ಟೋ ಸಲ ಮೆಲುಕು ಹಾಕಿದ್ದೇನೆ. ಗೊತ್ತಿಲ್ಲ ಎಂಬ ಮಾತು ಅವನ ಬಾಯಿಗೆ ಬಂದಾಗ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಆದರೆ ಗುಂಪಿನಲ್ಲಿ ಕೆಲವರ ಮುಖ ಸಡಿಲಾದದ್ದು ಆ ಮಾತಿನ ನಂತರವೇ. ಎಲ್ಲ ಬಲ್ಲವನಂತೆ ಅವನು ಮಾತಾಡಿದ್ದರೆ ಹಟಕ್ಕೆ ಬೀಳುತ್ತಿದ್ದರೋ ಏನೋ.

ಕೊನೆಗೆ ಹಡಗಿನ ಒಡೆಯ ಎದ್ದು ಹಿಂಬದಿಯ ಧೂಳು ಕೊಡವಿಕೊಂಡ. "ನಾನು ಇವಳನ್ನ ಹತ್ತಿಸಲ್ಲಪ್ಪಾ. ಕಳ್ಳೀನ ಕರ್ಕೊಂಡು ಹೋದೆ ಅಂತ ಬೇಕಾದ್ರೆ ಹೇಳ್ಕೊಂಡೇನು. ಏನೂ ಮಾಡದೋಳನ್ನ ಕೂಸಿನಿಂದ ಬಿಡಿಸಿ ತಂದೆ ಅಂದ್ರೆ ನಮ್ಮಮ್ಮ ಮನೆಗೆ ಸೇರಿಸಲ್ಲ. ನಿಮ್ಮ ಗುಡಾಣಗಳನ್ನ ಏರಿಸಿ, ಗಾಳಿ ತಿರುಗೋದರೊಳಗೆ ಹೊರಡ್ತೀನಿ."

ಸಭೆಯವರು ಒಬ್ಬರ ಮುಖ ಒಬ್ಬರು ನೋಡಿದರು. ತೀರ್ಪನ್ನು ಹಿಂತೆಗೆದುಕೊಂಡೆವು ಎಂದು ಯಾರೂ ಹೇಳಲಿಲ್ಲ. ಗುಡಾಣ ಏರಿಸುವ ಕೂಗಾಟ ಶುರುವಾಯಿತು, ಜನ ಕರಗಿದರು. ಹಡಗು ಹೋಯಿತು. ನಿಕಾಸೋ ನನ್ನ ಜೊತೆ ಮನೆಗೆ ನಡೆದು ಬಂದಳು. ಹೊಸ್ತಿಲಲ್ಲಿ ನಿಂತು, ಕೂಸಿನ ಕೆಳತುಟಿ ಸರಿಸಿ, ಬಹಳ ಹೊತ್ತು ಆ ಹಲ್ಲನ್ನೇ ನೋಡಿದಳು.

ಎಲ್ಲರೂ ಬದಲಾದರು ಎಂದರೆ ಸುಳ್ಳಾದೀತು. ಬಾವಿಯ ಬಳಿ ಅವಳನ್ನು ಕಂಡರೆ ಕೊಡ ತುಂಬುವ ಮೊದಲೇ ಎದ್ದು ಹೋಗುವವರು ಇಬ್ಬರು ಮೂವರು ಇನ್ನೂ ಇದ್ದರು. ಚಂದ್ರ ಸಣ್ಣಗಾದ ತಮಾಷೆಯನ್ನು ಮತ್ತೆ ಯಾರೂ ಮಾಡಲಿಲ್ಲ. ಅದಕ್ಕೆ ಅವಳಿಗೆ ಬೇಸರವಾಯಿತು ಎಂದು ನನಗೆ ಗೊತ್ತು. ಪರ್ಮೆನೋನನ ಶಾಲೆಗೆ ಕೆಲವು ಮಕ್ಕಳು ಬರುವುದು ನಿಂತಿತು, ಕೆಲವರು ಹೊಸದಾಗಿ ಬಂದರು. ಲೈಕೋನ್ ತನ್ನ ಮೊಮ್ಮಗಳನ್ನು ಕಳಿಸಿದ. ಏನನ್ನು ಕಲಿಸಬಾರದು ಎಂದು ಹೇಳಿಯೇ ಕಳಿಸಿದ, ಆದರೂ ಕಳಿಸಿದ.

ಮರುವರ್ಷ ಅದೇ ತಿಂಗಳು ಬಂತು. ಆಟ ಆಡುವುದೋ ಬೇಡವೋ ಎಂದು ಊರು ಗೊಣಗುತ್ತಿತ್ತು. ಅಮಾವಾಸ್ಯೆಯ ದಿನ ಮಕ್ಕಳು ಯಾರನ್ನೂ ಕೇಳದೆ ದಿಬ್ಬದಲ್ಲಿ ಸೇರಿದರು. ದೊಡ್ಡವರೂ ಒಬ್ಬೊಬ್ಬರಾಗಿ ಬಂದು ಅಂಜೂರದ ಮರದ ಕೆಳಗೆ ನಿಂತರು, ಆಡುವುದಕ್ಕಲ್ಲ, ನೋಡುವುದಕ್ಕೆ ಎಂಬಂತೆ. ಪಾತ್ರೆ ಇತ್ತು, ಮುಚ್ಚಳ ಇತ್ತು. ಚಂದ್ರಕ್ಕ ಆಗಲು ಮಾತ್ರ ಒಂದು ಮಗುವೂ ಮುಂದೆ ಬರಲಿಲ್ಲ. ಈ ಸಲ ಅವರ ಭಯ ಸಿಪ್ಪೆಯದಾಗಿರಲಿಲ್ಲ. ಎಲ್ಲರ ಕಣ್ಣೂ ಕದ್ದು ಕದ್ದು ನಿಕಾಸೋ ಕಡೆಗೇ ಹೋಗುತ್ತಿತ್ತು.

ಅವಳು ಮಿಕ್ಕಾಳ ಕೈಬಿಟ್ಟು ಎದ್ದಳು. ಮುಚ್ಚಳದ ಬಳಿ ಹೋಗಿ ನಿಂತಳು. ಅದನ್ನು ದಾಟಿ ಮೆಟ್ಟಿಲು ಹತ್ತಿ ಕಂಚಿನ ಪಾತ್ರೆಯನ್ನು ಎತ್ತಿಕೊಂಡಳು.

"ಚಂದ್ರಕ್ಕ ಆಗಿ ಆಗಿ ಸಾಕಾಗೇತ್ರೀ," ಎಂದಳು. "ಈ ಸಲ ನಾ ಸೂರ್ಯಾ ಆಗ್ತೀನಿ. ಅದನ್ನ ಯಾರರ ಬ್ಯಾರೆಯವರು ಎತ್ರಿ."

ಕೊನೆಗೆ ಗುಂಪಿನ ಹಿಂದಿನಿಂದ ಗೊಣಗುತ್ತ, ಮೊಮ್ಮಗಳನ್ನು ಪಕ್ಕಕ್ಕೆ ಸರಿಸುತ್ತ ಲೈಕೋನ್ ಬಂದ. "ನನ್ನ ಗುಡಾಣದ ಮುಚ್ಚಳ, ಮತ್ತೆ ಒಡೆದುಬಿಡ್ತಾರೆ," ಎಂದು ಯಾರಿಗೋ ಹೇಳಿಕೊಂಡ. ಮಕ್ಕಳು ಮುಷ್ಟಿ ತುಂಬ ಸಿಪ್ಪೆ ಹಿಡಿದು ಕಾದರು. ನಾನೂ ಒಂದಿಷ್ಟು ಹಿಡಿದುಕೊಂಡೆ.

ಅವನು ಬಗ್ಗಿ ಮುಚ್ಚಳಕ್ಕೆ ಕೈ ಹಾಕಿದ. ಎತ್ತುವ ಮೊದಲು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಒಮ್ಮೆ ಆಕಾಶದ ಕಡೆ ಓರೆಗಣ್ಣಿನಿಂದ ನೋಡಿಕೊಂಡ. ಆಮೇಲೆ ಎತ್ತಿದ.